ಖುಲಾಸೆ ವಕೀಲರು ಕೊಟ್ಟ ಮೊದಲ ಶಿಕ್ಷೆ

ಆಳಂದದಲ್ಲಿ ನಂದಕಿಶೋರ ವಕೀಲರ ಮನೆ ಎಲ್ಲಿ ಎಂದು ಕೇಳಿದರೆ ಜನ ಮರುಪ್ರಶ್ನೆ ಹಾಕುತ್ತಾರೆ: “ಯಾರ್ರಿ, ಖುಲಾಸೆ ವಕೀಲರಾ?” ಆರೋಪಿಗಳನ್ನು ಬಿಡಿಸುವುದರಲ್ಲಿ ಈತ ಎತ್ತಿದ ಕೈ ಇರಬೇಕು ಎಂದು ಹೊಸಬರು ತಿಳಿಯುತ್ತಾರೆ. ಎತ್ತಿದ ಕೈಯೇ, ಅನುಮಾನವಿಲ್ಲ. ಆದರೆ ಅವರು ಬಿಡಿಸಿದವರಲ್ಲಿ ಒಬ್ಬರೂ ಈ ಭೂಮಿಯ ಮೇಲೆ ಉಸಿರಾಡಿದವರಲ್ಲ. ಎಲ್ಲರೂ ಐವತ್ತು, ಅರವತ್ತರ ದಶಕದ ಪತ್ತೇದಾರಿ ಕಾದಂಬರಿಗಳ ಕೊಲೆಗಾರರು.

ಈ ಹೆಸರು ಹುಟ್ಟಿದ್ದು ನನ್ನ ಪತ್ರಿಕೆಯಲ್ಲಿ. ನಾನು ಆಳಂದದಿಂದ ಒಂದು ಸಣ್ಣ ವಾರಪತ್ರಿಕೆ ತರುತ್ತೇನೆ. ತೊಗರಿ ದರ, ಶ್ರದ್ಧಾಂಜಲಿ, ಮದುವೆಯ ಫೋಟೋ ಎಲ್ಲ ಹಾಕಿ ಉಳಿದ ಮೂಲೆಯಲ್ಲಿ ವಕೀಲರ ಪುಸ್ತಕ ವಿಮರ್ಶೆ ಬರುತ್ತದೆ. ಕಥೆ ಹೇಗಿದೆ, ಹಿಡಿಸಿತೇ ಇಲ್ಲವೇ, ಇಷ್ಟು ಬರೆದರೆ ನನಗೆ ಸಾಕಿತ್ತು. ಈ ಮನುಷ್ಯ ಬರೆಯುವುದು ತೀರ್ಪು. “ಅಡುಗೆಯವನು ಹಾಲಿಗೆ ವಿಷ ಹಾಕಿದ್ದನ್ನು ಕಂಡವರಿಲ್ಲ. ಪತ್ತೇದಾರನು ಪೈಪು ಸೇದುತ್ತ ಊಹಿಸಿದ್ದು ಸಾಕ್ಷಿಯಾಗದು. ಪಿಸ್ತೂಲು ತೋರಿಸಿ ಪಡೆದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಭಾಷೆ ಚೆನ್ನಾಗಿದೆ, ತನಿಖೆ ಹೊಲಸು. ಆರೋಪಿ ಖುಲಾಸೆ.” ಪ್ರತಿ ವಾರ ಇದೇ ಹಾಡು. ಖಜೂರಿಯ ಲಾರಿ ಮಾಲೀಕರೊಬ್ಬರು ಫೋನ್ ಮಾಡಿ, “ನಿಮ್ಮ ವಕೀಲರು ಒಬ್ಬನ್ನಾರ ಒಳಗ ಹಾಕ್ಸತಾರೇನ್ರಿ, ಇಲ್ಲೋ?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಪಾಪ, ಅವರ ಸಂಕಟ ನನಗೆ ಗೊತ್ತಿತ್ತು. ವಕೀಲಿಯಲ್ಲಿ ತಲೆ ನರೆತರೂ ಒಂದೇ ಒಂದು ಖೂನಿ ಕೇಸು ಅವರ ಬಾಗಿಲಿಗೆ ಬರಲಿಲ್ಲ. ಬಂದದ್ದೆಲ್ಲ ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು. ಕೋರ್ಟಿನಲ್ಲಿ ಆಡಲಾಗದ ವಾದವನ್ನೆಲ್ಲ ಅವರು ಹಳೆಯ ಕಾದಂಬರಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಅವರ ಜೀವನದಲ್ಲಿ ಒಂದೇ ಒಂದು ಆಸೆ ಉಳಿದಿತ್ತು. ಕಾಲೇಜಿನಲ್ಲಿದ್ದಾಗ ‘ಬೀರೂರು ಪ್ಯಾಸೆಂಜರಿನಲ್ಲಿ ಹೆಣ’ ಎಂಬ ಕಾದಂಬರಿಯ ಮೊದಲ ಭಾಗ ಓದಿದ್ದರು. ಅದರ ಕೊನೆಯಲ್ಲಿ ಪತ್ತೇದಾರ ಬೆರಳೆತ್ತಿ, “ಕೊಲೆಗಾರ ಈ ವೇಟಿಂಗ್ ರೂಮಿನಲ್ಲೇ ಇದ್ದಾನೆ” ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಎರಡನೆಯ ಭಾಗಕ್ಕಾಗಿ ಕಲಬುರಗಿ, ಸೊಲ್ಲಾಪುರದ ರದ್ದಿ ಅಂಗಡಿಗಳನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ. ಹೋದ ವರ್ಷ ಅದು ಅಫಜಲಪುರದ ಲಾಡ್ಲೆಸಾಬ ಎಂಬ ಟೇಲರರ ಬಳಿ ಪತ್ತೆಯಾಯಿತು. ಅವರ ತಂದೆ ಹಳೆಯ ಕಾದಂಬರಿ ಕೂಡಿಟ್ಟ ಸಂದೂಕದಲ್ಲಿ ಎರಡೂ ಭಾಗ ಇದ್ದವು. ಲಾಡ್ಲೆಸಾಬರು ಮಾತ್ರ ಖಡಕ್ ಮನುಷ್ಯ. “ಮದಲನೇದು ಒಯ್ದು ಮತ್ತೊಮ್ಮೆ ಓದ್ರಿ. ಹೋದಂಗ ವಾಪಸ್ ಬರ್ಲಿ. ಆಮ್ಯಾಲ ಎರಡನೇದು. ಹಾಳಿ ಮ್ಯಾಲ ಒಂದು ಕಲಿ ಬಿದ್ರೂ ಸಂದೂಕ ಬಂದ್,” ಎಂದರು.

ವಾಪಸ್ ಕೊಡುವ ಹಿಂದಿನ ದಿನ ಬೆಳಿಗ್ಗೆ ವಕೀಲರು ನನಗೆ ಫೋನ್ ಮಾಡಿದರು. “ಕಲ್ಯಾಣಕುಮಾರ, ಲಗೂ ಬರ್ರಿ. ಪಂಚನಾಮಿ ಮಾಡೂದದ.”

ಹೋಗಿ ನೋಡಿದರೆ ವರಾಂಡದ ಮೇಜಿನ ಮೇಲೆ ಪುಸ್ತಕ ಬಿಚ್ಚಿತ್ತು. ನಡುವಿನಿಂದ ಕೊನೆಯವರೆಗೆ ಹಾಳೆಯ ಮೂಲೆ ಮೂಲೆಯಲ್ಲಿ ಕೆಂಪು ಎಣ್ಣೆಯ ಬೆರಳ ಗುರುತು. ಮೂಸಿ ನೋಡಿದೆ. ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ, ಎಣ್ಣೆ ಹಾಕಿ ಕಲಸಿದ್ದು. ಮನೆಯಲ್ಲಿರುವವರು ಮೂವರು. ವಕೀಲರು ಪುಸ್ತಕ ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆಯುವ ಪೈಕಿ. ಹೆಂಡತಿ ಮಂಜರಿಯವರಿಗೆ ಪಿತ್ತ, ಡಾಕ್ಟರು ಖಾರ ಬಿಡಿಸಿ ತಿಂಗಳಾಗಿತ್ತು. ಉಳಿದವರು ವಕೀಲರ ತಾಯಿ ಲೀಲಾಬಾಯಿ. ಅವರು ಈ ಪುಸ್ತಕಗಳ ಕಡು ವಿರೋಧಿ. ‘ಹೆಣದ ಪುಸ್ತಕ ದೇವರಮನಿ ಕಡೆ ತರಬ್ಯಾಡ’ ಎಂದು ಕಪಾಟನ್ನು ವರಾಂಡಕ್ಕೆ ಹಾಕಿಸಿದವರೇ ಅವರು.

“ಅವ್ವಾ, ಇದು ನಿನ್ನ ಬೆರಳೇನು?” ವಕೀಲರು ಕೇಳಿದರು.

ಲೀಲಾಬಾಯಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ನಾ ಓದೂದು ಯಾರರ ನೋಡ್ಯಾರೇನು?”

“ನೋಡಿಲ್ಲ. ಆದ್ರ ಹಿಂಡಿ ತಿನ್ನಾಕಿ ನೀ ಒಬ್ಬಾಕೀನೇ.”

“ಹಿಂಡಿ ತಿನ್ನೂದು ಗುನ್ಹೇ ಏನೋ? ಪುಸ್ತಕ ಬಾಗಲಾಗ ಇರ್ತದ, ಬಂದವರು ಹೋದವರು ಮುಟ್ಟತಾರ. ಊಹಾ ಮಾಡಿದ್ದು ಸಾಕ್ಷಿ ಆಗಂಗಿಲ್ಲ ಅಂತ ವಾರಾ ವಾರಾ ಪೇಪರದಾಗ ಬರೀತಿ. ಹೆತ್ತ ತಾಯಿಗಿ ಬ್ಯಾರೆ ಕಾನೂನೇನು?”

ಮಂಜರಿಯವರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ನಾನು ಪಂಚನಾಮೆಯ ಸಾಕ್ಷಿಯಾದ್ದರಿಂದ ನಗುವಂತಿರಲಿಲ್ಲ. ವಕೀಲರು ಪುಸ್ತಕ ಮುಚ್ಚಿ ನೆಲ ನೋಡುತ್ತ ಹೇಳಿದರು: “ಖುಲಾಸೆ.”

ಮರುದಿನ ನನ್ನ ಕಾರಿನಲ್ಲಿ ಅಫಜಲಪುರಕ್ಕೆ ಹೊರಟೆವು. ಲೀಲಾಬಾಯಿಯೂ ಹತ್ತಿದರು. ಬರುವಾಗ ಗಾಣಗಾಪುರದ ದತ್ತನ ದರ್ಶನ ಆಗಬೇಕಂತೆ. ದಾರಿಯುದ್ದಕ್ಕೂ ವಕೀಲರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕರವಸ್ತ್ರದಿಂದ ಎಣ್ಣೆ ಗುರುತು ಒರೆಸುತ್ತಲೇ ಇದ್ದರು. ನನಗಂತೂ ಆ ಮುದುಕಿಯ ಮೇಲೆ ಸಿಟ್ಟು ಬಂದಿತ್ತು. ಮಗನ ಜನ್ಮದ ಆಸೆ ಒಂದು ಚಮಚ ಹಿಂಡಿಯಲ್ಲಿ ಮುಳುಗುತ್ತಿದೆ, ಈಕೆ ಕಿಟಕಿಯಿಂದ ಹತ್ತಿ ಹೊಲ ನೋಡುತ್ತ ಕೂತಿದ್ದಾರೆ!

ಲಾಡ್ಲೆಸಾಬರು ಹೊಲಿಗೆ ಮಷೀನು ನಿಲ್ಲಿಸಿ ಹಾಳೆ ತಿರುವಿದರು. ಮುಖ ಗಂಟಾಯಿತು. “ಯಾರ ಬೆರಳ್ರಿ ಇದು, ವಕೀಲ್ ಸಾಬ್?”

ವಕೀಲರು ತಾಯಿಯ ಕಡೆ ನೋಡಿದರು. ತಾಯಿ ಗೋಡೆಗೆ ತೂಗುಹಾಕಿದ್ದ ಅರ್ಧ ಹೊಲಿದ ಅಂಗಿ ನೋಡುತ್ತಿದ್ದರು.

“ನಂದು,” ಎಂದರು ವಕೀಲರು. “ಊಟ ಮಾಡ್ತಾ ಓದೀನಿ. ತಪ್ಪಾಗ್ಯದ.”

ಎಲ್ಲರನ್ನೂ ಬಿಡಿಸಿದ ಮನುಷ್ಯ ಕೊನೆಗೆ ತನ್ನನ್ನೇ ಹಿಡಿದುಕೊಟ್ಟ. ಲಾಡ್ಲೆಸಾಬರು ಮೊದಲ ಭಾಗವನ್ನು ಒಳಗಿಟ್ಟು ಸಂದೂಕದ ಮುಚ್ಚಳ ಹಾಕಿದರು.

“ತಡೀರಿ ಸಾಬ್ರ,” ಲೀಲಾಬಾಯಿ ಎದ್ದು ನಿಂತರು. “ಇಂವ ಸುಳ್ಳು ಹೇಳಾಕತ್ತಾನ. ಬೆರಳು ನಂದು. ಯಾರೂ ಪಿಸ್ತೂಲ ತೋರ್ಸಿಲ್ಲ, ನಾನಾಗೇ ಕಬೂಲ ಮಾಡಾಕತ್ತೇನಿ. ಬೇಕಾದ್ರ ಬೈರಿ. ಆದ್ರ ಆ ಪುಸ್ತಕದಾಗಿನ ಸ್ಟೇಶನ್ ಮಾಸ್ತರನ ಹೆಂಡ್ತಿ ಏನು ಮಾಡಿದ್ಲು ಅಂತ ತಿಳೀದೆ ನನಗ ನಿದ್ದಿ ಹತ್ತವಲ್ದು.”

ವಕೀಲರ ಕಣ್ಣು ಇಷ್ಟಗಲ ಆದವು. “ಅವ್ವಾ, ನೀ ಇವನ್ನ ಓದ್ತೀ?”

“ನೀ ಬರದದ್ದು ಅಷ್ಟೂ ಓದೇನಿ. ಮಗ ಬರದದ್ದು ಓದದೆ ಇರ್ತಾರೇನು? ಆದ್ರ ನೀ ಎಲ್ಲಾರನೂ ಬಿಟ್ಟುಬಿಡ್ತಿ. ಖರೇನ ಯಾರು ಕೊಂದ್ರು ಅಂತ ನಿನ್ನ ಬರಹದಾಗ ಗೊತ್ತೇ ಆಗಂಗಿಲ್ಲ. ಅದಕ್ಕ ಪುಸ್ತಕಾನೇ ತಗದೆ.”

ಇಷ್ಟು ವರ್ಷದಲ್ಲಿ ವಕೀಲರ ಬರಹಕ್ಕೆ ಇಷ್ಟು ಖಾರವಾದ, ಇಷ್ಟು ಸರಿಯಾದ ವಿಮರ್ಶೆ ಬಂದಿರಲಿಲ್ಲ.

ಲಾಡ್ಲೆಸಾಬರು ಗಡ್ಡ ಕೆರೆದುಕೊಂಡು ಮತ್ತೆ ಸಂದೂಕ ತೆಗೆದರು. ಎರಡನೆಯ ಭಾಗವನ್ನು ಅರಿವೆಯಿಂದ ಒರೆಸಿ ಲೀಲಾಬಾಯಿಯ ಕೈಗಿಟ್ಟರು. “ಖರೇ ಹೇಳಿದವ್ರಿಗಿ ಕಿತಾಬ, ಅಮ್ಮಾ. ವಕೀಲ್ ಸಾಬರು ಸುಳ್ಳು ಸಾಕ್ಷಿ ಹೇಳ್ಯಾರ. ಅವ್ರು ನಿಮ್ಮ ಕಡಿಂದ ಇಸ್ಕೊಂಡು ಓದ್ಲಿ. ಹಿಂಡಿ ಮಾತ್ರ ದೂರ ಇಡ್ರಿ.”

ಕಾರು ಊರು ದಾಟಿತು. ಗಾಣಗಾಪುರದ ದಾರಿ ಬಂದಾಗ ತಿರುಗಿಸಲೇ ಎಂದು ಕೇಳಿದೆ. “ದತ್ತ ಮುಂದಿನ ವಾರಾನೂ ಅಲ್ಲೇ ಇರ್ತಾನ, ನೀ ನಡೀ,” ಎಂದು ಹಿಂದಿನ ಸೀಟಿನಿಂದ ಅಪ್ಪಣೆಯಾಯಿತು. ಕನ್ನಡಿಯಲ್ಲಿ ನೋಡಿದೆ. ಲೀಲಾಬಾಯಿ ಚಷ್ಮ ಏರಿಸಿಕೊಂಡು ಪುಸ್ತಕ ತೆರೆದಿದ್ದರು. ತೆರೆದದ್ದು ಕೊನೆಯ ಪುಟ.

“ಅವ್ವಾ, ಬ್ಯಾಡ!” ವಕೀಲರು ಕೂಗಿದರು.

“ನಾ ಅಂದಿದ್ದಿಲ್ಲಾ?” ಲೀಲಾಬಾಯಿ ತೊಡೆ ತಟ್ಟಿದರು. “ಆಕೀನೇ! ಸ್ಟೇಶನ್ ಮಾಸ್ತರನ ಹೆಂಡ್ತಿ! ಚಹಾದಾಗ ವಿಷ ಹಾಕ್ಯಾಳ!”

ನಾನು ಬ್ರೇಕ್ ತುಳಿದೆ. ಕಾಲೇಜಿನಿಂದ ಕಾಯ್ದಿಟ್ಟುಕೊಂಡ ರಹಸ್ಯ ಡಾಂಬರು ರಸ್ತೆಯ ಮೇಲೆ ಒಡೆದುಹೋಗಿತ್ತು. ಆಳಂದ ಬರುವವರೆಗೂ ವಕೀಲರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ಆ ವಾರ ಬಂದ ವಿಮರ್ಶೆಯನ್ನು ನಾನು ತೊಗರಿ ದರ ತೆಗೆದು ಮುಖಪುಟದಲ್ಲೇ ಹಾಕಿದೆ. “ಸ್ಟೇಶನ್ ಮಾಸ್ತರನ ಹೆಂಡತಿ ವಿಷ ಹಾಕಿದ್ದನ್ನು ಕಂಡವರಿಲ್ಲ. ಖುಲಾಸೆ. ಆದರೆ ಲೀಲಾಬಾಯಿ ಎಂಬ ವೃದ್ಧೆಯು ಕೊಲೆಗಾರ್ತಿಯ ಹೆಸರನ್ನು ಚಲಿಸುವ ಕಾರಿನಲ್ಲಿ ಕೂಗಿ ಹೇಳಿದ್ದಕ್ಕೆ ಪ್ರತ್ಯಕ್ಷ ಸಾಕ್ಷಿಗಳಿಬ್ಬರು. ಅಪರಾಧ ಸಾಬೀತು. ಶಿಕ್ಷೆ: ಲಾಡ್ಲೆಸಾಬರ ಸಂದೂಕದಲ್ಲಿ ಉಳಿದ ಕಾದಂಬರಿಗಳನ್ನೆಲ್ಲ ಮಗನ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದತಕ್ಕದ್ದು, ಮೊದಲ ಪುಟದಿಂದ.”

ಪತ್ರಿಕೆ ಕೊಡಲು ಹೋದಾಗ ಲೀಲಾಬಾಯಿ ವರಾಂಡದಲ್ಲಿದ್ದರು. ಹೆಣದ ಪುಸ್ತಕಗಳ ಕಪಾಟು ಅಲ್ಲಿರಲಿಲ್ಲ, ಒಳಗೆ ಹೋಗಿತ್ತು. ಅಪೀಲು ಹೋಗುವುದಿಲ್ಲವೇ ಎಂದು ಕೇಳಿದೆ.

“ಹುಚ್ಚ ಇದ್ದೀ ನೋಡು,” ಎಂದರು. “ಇಂಥಾ ಶಿಕ್ಷಾಕ ಯಾರರ ಅಪೀಲ ಹೋಗ್ತಾರೇನು?”