ಹಿಂದಕ್ಕೆ ಓಡಿಸಿದ ಟ್ರ್ಯಾಕ್ಟರು

ಮೊಮ್ಮಗಳು ಮನೆಗೆ ಬಂದಿದ್ದಾಳೆ. ಮುಂಬಾಗಿಲಿನಿಂದಲೇ ಬಂದಳು, ಅದನ್ನು ಮೊದಲು ಹೇಳಿಬಿಡುತ್ತೇನೆ. ಮಗಳ ಚೊಚ್ಚಲ ಕೂಸು, ಉದ್ದುದ್ದ ಬೆರಳು, ಹಣೆ ಥೇಟ್ ಅಜ್ಜಿಯದೇ. ನಾನು ಶಾಲೆ ಕಂಡವನೇ ಅಲ್ಲವೆನ್ನಬೇಕು, ಅಕ್ಷರ ಕೂಡಿಸುವುದೇ ಕಷ್ಟ. ಅದರ ಮೇಲೆ ಎರಡು ಸಾಲಿಗೊಮ್ಮೆ ಎದ್ದುಹೋಗಿ ತೊಟ್ಟಿಲು ನೋಡಿ ಬರುತ್ತಿದ್ದೇನೆ. ಆದರೂ ಆ ಮುಂಬಾಗಿಲಿನ ಸಂಗತಿ ಬರೆಯದೆ ಇರಲಾರೆ.

ಅಟ್ಟೂರಿನಲ್ಲಿ ನಮ್ಮ ಸುತ್ತಲಿನ ಹೊಲಗಳೆಲ್ಲ ಸೈಟುಗಳಾಗಿವೆ. ಮನೆಯ ಹಿಂದೆ ಉಳಿದ ತುಂಡು ನೆಲದಲ್ಲಿ ನಾನು ದಂಟು, ಕೊತ್ತಂಬರಿ ಬೆಳೆಯುತ್ತೇನೆ. ಅದಕ್ಕೊಂದು ಚಿಕ್ಕ ಟ್ರ್ಯಾಕ್ಟರು ಇಟ್ಟುಕೊಂಡಿದ್ದೇನೆ. ಮಗಳಿಗೆ ದಿನ ತುಂಬುತ್ತಿದ್ದಾಗಲೇ ಪೈಪು ಹಾಕುವವರು ಬಂದು ಗೇಟಿನ ಮುಂದೆ ಅಗೆದರು, ಮುಚ್ಚಿದ ಹಾಗೆ ಮಾಡಿ ಹೋದರು. ಮಳೆ ಬಿದ್ದದ್ದೇ ನೆಲ ಕುಸಿದು ಎಮ್ಮೆ ಮಲಗುವಷ್ಟು ದೊಡ್ಡ ಗುಂಡಿಯಾಯಿತು. ಮಿಕ್ಕ ಮಣ್ಣು ಪಕ್ಕದ ಖಾಲಿ ಸೈಟಿನಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಜೆಸಿಬಿ ಕರೆಸೋಣವೆಂದರೆ ನಮ್ಮ ಓಣಿಯ ಕಾಂಪೌಂಡುಗಳ ನಡುವೆ ಅದು ತೂರುವುದಿಲ್ಲ.

ಬಾಣಂತಿಯನ್ನು ಹಿತ್ತಲ ಕಡೆಯಿಂದ ಕರೆತರಬಹುದಲ್ಲ ಎಂದು ನಾನು ಬಾಯಿ ಬಿಟ್ಟೆ.

"ಚೊಚ್ಚಲ ಕೂಸು ಇತ್ಲು ಬಾಗ್ಲಿಂದ ಬರ್ತದಾ?" ಎಂದಳು ನನ್ನ ಹೆಂಡತಿ. "ಆರತಿ ಎಲ್ಲಿ ಎತ್ಲಿ, ಗೊಬ್ಬರದ ಗುಂಡೀಲಾ?"

ಅಲ್ಲಿಗೆ ಮಾತು ಮುಗಿಯಿತು. ಟ್ರ್ಯಾಕ್ಟರಿನ ಹಿಂಭಾಗಕ್ಕೆ ನೇಗಿಲು ಸಿಕ್ಕಿಸುವ ಜಾಗದಲ್ಲೇ ಸಿಕ್ಕಿಸಿ ಮಣ್ಣು ಎತ್ತುವ ಕಬ್ಬಿಣದ ಬಕೆಟ್ಟು ಸಿಗುತ್ತದೆಂದು ಕೇಳಿದ್ದೆ. ಯಲಹಂಕದ ಆಚೆಯ ವೆಲ್ಡಿಂಗ್ ಅಂಗಡಿಗೆ ಹೊರಟೆ. ನನ್ನನ್ನು ಒಬ್ಬನೇ ಬಿಟ್ಟರೆ ಏನು ತರುತ್ತಾನೋ ಎಂದು ಅವಳೂ ಬಂದಳು. ಅಲ್ಲಿ ಅಗಲವಾದದ್ದೊಂದು, ಕಿರಿದಾದದ್ದೊಂದು ಇತ್ತು. ಓಡಾಟ ಕಮ್ಮಿಯಾಗುತ್ತದಲ್ಲ ಎಂದು ನನ್ನ ಕಣ್ಣು ಅಗಲದ್ದರ ಮೇಲೇ ಹೋಯಿತು.

"ಆಡಿನ ಕೊರಳಿಗೆ ಎಮ್ಮೆ ಗಂಟೆ ಕಟ್ದಂಗಾಯ್ತದೆ" ಎಂದಳು.

ಅಂಗಡಿಯವನು ನಕ್ಕ. "ಅಮ್ಮ ಯೋಳಿದ್ದೇ ಸರಿ ಯಜಮಾನ್ರೇ. ಅದು ತುಂಬಿದ್ರೆ ನಿಮ್ ಗಾಡಿ ಮುಂದಿನ ಚಕ್ರ ಎತ್ತಿ ನಮಸ್ಕಾರ ಮಾಡ್ತದೆ."

ಕಿರಿದಾದದ್ದನ್ನೇ ಆರಿಸಿದೆ. ತಗಡನ್ನು ಬಡಿದು ನೋಡಿದೆ, ಅಂಚಿನ ಪಟ್ಟಿ ದಪ್ಪವಿತ್ತು. ಎಳೆದರೆ ಬಕೆಟ್ಟು ಮಗುಚಿಕೊಳ್ಳುವ ಹಗ್ಗವೂ ಇತ್ತು. "ಬಾಯಿ ಎರಡು ಕಡೆಗೂ ತಿರುಗಿಸ್ಬೌದು. ಗುಡ್ಡೆ ಎತ್ತೋಕೆ ಬಾಯಿ ಹಿಂದಕ್ಕಿರ್ಲಿ, ರಿವರ್ಸಲ್ಲೇ ಓಗಿ ಚುಚ್ಚಿ" ಎಂದು ಅವನು ಹೇಳಿದ. ತಲೆಯಾಡಿಸಿದೆ, ನಂಬಲಿಲ್ಲ. ಹುಟ್ಟಿದಾಗಿನಿಂದ ಎತ್ತಿನ ಹಿಂದೆ ನಡೆದವನು ನಾನು. ಹಿಂದಕ್ಕೆ ಉಳುವುದನ್ನು ಎಲ್ಲಾದರೂ ಕಂಡಿದ್ದೇವೆಯೇ?

ಇವತ್ತು ಬೆಳಿಗ್ಗೆ ಬಕೆಟ್ಟಿನ ಬಾಯಿಯನ್ನು ಮುಂದಕ್ಕೆ ಮಾಡಿ, ಗುಡ್ಡೆಯ ಮೇಲಿಟ್ಟು ನೇಗಿಲಿನ ಹಾಗೆ ಎಳೆದೆ. ಅದು ಗುಡ್ಡೆಯಿಂದ ಜಾರಿ ನೆಲ ಕಚ್ಚಿತು. ಗುಂಡಿ ಮುಚ್ಚಲು ಹೋದವನು ಓಣಿಯಲ್ಲಿ ಇನ್ನೊಂದು ಕಾಲುವೆ ತೋಡಿದ್ದೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಅಳಿಯನ ಫೋನು.

"ಮಾವ, ಡಿಸ್ಚಾರ್ಜ್ ಆಯ್ತು. ಊಟ ಮುಗಿಸ್ಕೊಂಡು ಹೊರಡ್ತೀವಿ. ದಾರಿ ಆಯ್ತಾ?"

"ಆಗೋಯ್ತು, ಬನ್ನಿ ಅಳಿಯಂದ್ರೇ" ಎಂದೆ. ಗುಂಡಿಗೆ ಒಂದು ಹಿಡಿ ಮಣ್ಣೂ ಬಿದ್ದಿರಲಿಲ್ಲ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕಾಲುವೆ ನೋಡಿದಳು. "ನೀರು ಬಿಡ್ಲಾ? ಭತ್ತ ನಾಟಿ ಮಾಡ್ಬೌದು."

ಬಕೆಟ್ಟನ್ನು ಹಿಡಿದಿದ್ದ ಪಿನ್ನು ಕಳಚಿ ಬಾಯಿಯನ್ನು ಹಿಂದಕ್ಕೆ ತಿರುಗಿಸಿದೆ. ಹೆಬ್ಬಾಳದ ಕಡೆ ಮೋಡ ಕಟ್ಟುತ್ತಿತ್ತು, ಅವರು ಅಲ್ಲಿಂದಲೇ ಬರಬೇಕು. ಅವಸರಕ್ಕೆ ಪಿನ್ನು ಕೂಡುತ್ತಿರಲಿಲ್ಲ, ಕಲ್ಲಿನಿಂದ ಬಡಿದು ಕೂಡಿಸಿದೆ. ರಿವರ್ಸಿನಲ್ಲಿ ಮೆಲ್ಲಗೆ ಹೋಗಿ ಚುಚ್ಚಿದರೆ, ಅಬ್ಬಾ, ಮೊರದಲ್ಲಿ ರಾಗಿ ತುಂಬಿಕೊಂಡ ಹಾಗೆ ಮಣ್ಣು ತುಂಬಿಕೊಂಡಿತು. ಎತ್ತಿದೆ. ಮಣ್ಣು ಹಸಿ, ಕಿರಿದಾದ ಬಕೆಟ್ಟಿಗೂ ಮುಂದಿನ ಚಕ್ರ ತೇಲಿತು. ತಟ್ಟನೆ ಇಳಿಸಿಬಿಟ್ಟೆ.

"ಮುಂದಕ್ಕೆ ಭಾರ ಬೇಕು ಕಣೇ!"

ಅವಳು ಮರಳಿನ ಚೀಲಗಳನ್ನು ಎಳೆದು ತಂದಳು. ಸಾಲದಾಯಿತು. ಒಳಗೆ ಹೋದವಳು ಒರಳಿನ ಗುಂಡುಕಲ್ಲನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಂದಳು. ಎಲ್ಲವನ್ನೂ ಬಂಪರಿಗೆ ಬಿಗಿದೆವು. ಚಕ್ರ ನೆಲ ಬಿಡಲಿಲ್ಲ.

ಆಮೇಲೆ ನಾನು ಕುತ್ತಿಗೆ ತಿರುಗಿಸಿಕೊಂಡೇ ಇದ್ದೆ. ಗುಡ್ಡೆಗೆ ಹಿಂದಕ್ಕೆ, ಗುಂಡಿಗೆ ಹಿಂದಕ್ಕೆ. ಗುಂಡಿಯ ಆಚೆ ಅಂಚಿನಲ್ಲಿ ನಿಂತು ಅವಳು "ಬಾ, ಬಾ, ಸಾಕು" ಎನ್ನುತ್ತಿದ್ದಳು. ಹಟ್ಟಿಗೆ ಎಮ್ಮೆ ಕರೆಯುವ ದನಿ ಅದು. ನಾನು ಹಗ್ಗ ಎಳೆದರೆ ಮಣ್ಣು ದೊಪ್ಪೆಂದು ಬೀಳುತ್ತಿತ್ತು. ಗುಂಡಿಯೂ ಬೆಳಿಗ್ಗೆ ನಾನೇ ತೋಡಿದ ಕಾಲುವೆಯೂ ತುಂಬಿದ ಮೇಲೆ ಅವುಗಳ ಮೇಲೇ ಗಾಡಿ ಓಡಾಡಿಸಿ ತುಳಿಸಿದೆ. ಇಳಿದು ಹಿಮ್ಮಡಿಯಿಂದ ಒದ್ದು ನೋಡಿದೆ. ಮತ್ತೆ ಹತ್ತಿ ತುಳಿಸಿದೆ. ಕಾರು ಹೂತುಕೊಂಡರೆ, ಒಳಗೆ ಕೂಸಿರುತ್ತದಲ್ಲ ಎಂದು ಇನ್ನೂ ಒಂದು ಸುತ್ತು ತುಳಿಸಿದೆ.

ಮಳೆಗೆ ಮೊದಲೇ ಕಾರು ಬಂತು. ಮುಂದಿನ ಚಕ್ರ ಹೊಸ ಮಣ್ಣಿನ ಮೇಲೆ ಬಂದಾಗ ನಾನು ಬಗ್ಗಿ ಅದನ್ನೇ ನೋಡಿದೆ. ಸ್ವಲ್ಪ ಅದುಮಿತು, ತಡೆಯಿತು, ದಾಟಿತು. ಕಾರು ಗೇಟಿನೊಳಗೆ ನಿಂತಿತು. ಹೆಂಡತಿ ಹೊಸ್ತಿಲ ಮುಂದೆ ಆರತಿ ಎತ್ತಿದಳು, ಅವಳ ಸೀರೆಯ ಅಂಚು ಪೂರಾ ಕೆಮ್ಮಣ್ಣು. ಮಗಳು ಕೂಸನ್ನು ಎತ್ತಿಕೊಂಡು ಬಲಗಾಲಿಟ್ಟು ಒಳಗೆ ಬಂದಳು.

ಸಂಜೆಗೆ ಮುದ್ದೆ, ಬಸ್ಸಾರು. ಬಾಣಂತಿಗೆ ಮೆಣಸಿನ ಸಾರು, ತುಪ್ಪ, ಬಿಸಿ ಅನ್ನ. ಇಂಥ ದಿನ ಮಿಕ್ಸಿಯ ಖಾರ ಸೇರುವುದಿಲ್ಲವೆಂದು ಅವಳು ಗುಂಡುಕಲ್ಲನ್ನು ಬಂಪರಿನಿಂದ ಬಿಚ್ಚಿಸಿ, ತಿಕ್ಕಿ ತಿಕ್ಕಿ ತೊಳೆದು ರುಬ್ಬಿದ್ದಳು. ಎಲ್ಲರೂ ತೊಟ್ಟಿಲ ಸುತ್ತ ನೆಲದ ಮೇಲೇ ಕೂತೆವು.

"ಅತ್ತೆ, ಸಾರು ಬಲು ರುಚಿ" ಎಂದ ಅಳಿಯ.

"ಟ್ರ್ಯಾಕ್ಟ್ರಲ್ಲಿ ಸವಾರಿ ಮಾಡ್ಕಂಡು ಬಂದು ಅರೆದಿರೋ ಕಲ್ಲಪ್ಪಾ ಅದು" ಎಂದಳು ಅವಳು. ಮಗಳು ನಕ್ಕು, ಹೊಲಿಗೆ ನೋಯುತ್ತದೆ ನಗಿಸಬೇಡ ಎಂದಳು.

ಕೂಸು ಮುಲುಗಿತು. ನಾನು ಎಂಜಲು ಕೈಯಲ್ಲೇ ಅರ್ಧ ಎದ್ದೆ.

"ಕೂತ್ಕೊಂಡು ಮುದ್ದೆ ಮುಗಿಸ್ರೀ. ಅದು ಎಲ್ಲೂ ಓಗಲ್ಲ" ಎಂದು ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.