ಮೂರನೇ ನಕಲಿನಲ್ಲಿ ಮಸುಕಾದ ನಾಟಿ

ನನ್ನ ಗಂಡ ಗಂಗಾವತಿಯಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದರು. ತೊಂಬತ್ತೆಂಟರ ಸುಮಾರಿಗೆ, ನವಲಿಯ ಹತ್ತಿರ ಕಾಲುವೆಯ ಕೊನೆಯ ಗದ್ದೆಗೂ ನೀರು ಬಂತೆಂದು ಕೇಳಿ, ಯಾರೂ ಕರೆಯದಿದ್ದರೂ ಕ್ಯಾಮೆರಾ ಹೊತ್ತು ಹೋದರು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡುವ ಹೆಣ್ಣುಮಕ್ಕಳ ವಿಡಿಯೋ ತೆಗೆದುಕೊಂಡು ಬಂದರು. ಮನೆಯ ಟಿವಿಗೆ ಹಾಕಿದಾಗ ಒಬ್ಬಾಕೆಯ ಹಸಿರು ಬಳೆಗೆ ಮೆತ್ತಿದ ಕೆಸರೂ ಕಾಣುತ್ತಿತ್ತು.

ಅದರ ಒಂದು ನಕಲನ್ನು ಊರಿನ ಕೇಬಲ್‌ನವರಿಗೆ ಕೊಟ್ಟರು. ಅವರಿಂದ ಕೊಪ್ಪಳದ ಕೇಬಲ್‌ನವರು ನಕಲು ಮಾಡಿಕೊಂಡರು. ಆ ನಕಲಿನ ನಕಲು ಬೆಂಗಳೂರಿನ ಒಂದು ವಾಹಿನಿಗೆ ಹೋಯಿತು. ಸಂಜೆಯ ವಾರ್ತೆಯಲ್ಲಿ ಬರುತ್ತದೆಂದು ಓಣಿಯವರೆಲ್ಲ ನಮ್ಮ ಮನೆಯಲ್ಲಿ ಕೂತಿದ್ದರು. ಬಂತು. ಹೆಣ್ಣುಮಕ್ಕಳಿಗೆ ಮುಖವೇ ಇರಲಿಲ್ಲ. ಸೀರೆಯ ಕೆಂಪು ಬಣ್ಣ ಅಂಚು ದಾಟಿ ಹರಡಿತ್ತು, ಪರದೆಯ ತುಂಬ ನುಸಿಯಂಥ ಚುಕ್ಕೆಗಳು ಆಡುತ್ತಿದ್ದವು. ನಾನು ತಲೆ ತಗ್ಗಿಸಿದೆ.

ಪಕ್ಕದ ಮನೆಯಾತ ಅಕ್ಕಿ ಗಿರಣಿಯ ಮಿಸ್ತ್ರಿ. "ಏನೋ ತಮ್ಮಾ, ನಿನ್ನ ಕ್ಯಾಮೆರಾಕ್ಕ ಕಣ್ಣಾಗ ಪೊರಿ ಬಂದೈತೇನು? ನನ್ನ ಮಗಳ ಲಗ್ನಕ್ಕ ನಿನ್ನ ಕರೀಬೇಕೋ ಬ್ಯಾಡೋ?" ಎಂದ. ಎಲ್ಲರೂ ನಕ್ಕರು.

ಇವರು ಸಿಟ್ಟಾಗಲಿಲ್ಲ. "ಕಾಕಾ, ಪಾಲಿಶ್ ಆದ ಅಕ್ಕಿನ ಮತ್ತ ಮಷೀನಿಗೆ ಹಾಕಿದ್ರ ಏನಾಗ್ತೈತಿ?"

"ಒಂದೀಟು ನುಚ್ಚಾಗ್ತೈತಿ."

"ಇನ್ನೊಮ್ಮಿ ಹಾಕಿದ್ರ?"

"ಇನ್ನೂ ನುಚ್ಚು. ಹಂಗ್ಯಾಕ ಹಾಕಬೇಕು, ಹುಚ್ಚ ಏನ ನೀ?"

"ಟೇಪೂ ಹಂಗ ಕಾಕಾ. ನಕಲು ಮಾಡಿದಾಗೊಮ್ಮಿ ಒಂದೀಟು ಒಡೀತೈತಿ. ನೀ ಈಗ ನೋಡಿದ್ದು ಮೂರನೇ ಸಲದ ನುಚ್ಚು."

ತಗಡಿನ ಟ್ರಂಕಿನಿಂದ ಮೊದಲ ಟೇಪು ತೆಗೆದು ಹಾಕಿದರು. ಅದನ್ನು ಅವರು ಯಾರ ಕೈಗೂ ಕೊಟ್ಟಿರಲಿಲ್ಲ. ಮಿಸ್ತ್ರಿ ಪರದೆಯತ್ತ ಬೆರಳು ಮಾಡಿ, "ಬಳಿ ಸುದ್ದಾ ಕಾಣ್ತಾವಲ್ಲೋ. ಲಗ್ನಕ್ಕ ನೀನ ಬಾ. ಆದ್ರ ನನಗ ನುಚ್ಚು ಕೊಡಬ್ಯಾಡ," ಎಂದ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಸದಾ ಕ್ಯಾಮೆರಾದ ಹಿಂದೆಯೇ ನಿಂತವರ ಮುಖ ಯಾವ ಟೇಪಿನಲ್ಲೂ ಇಲ್ಲ. ನವಲಿಯ ಟೇಪಿನಲ್ಲಿ ಅವರ ದನಿಯಿದೆ. ವಾರ್ತೆಯಲ್ಲಿ ಬಂದಾಗ ಅದರ ಮೇಲೆ ಓದುವವರ ದನಿ ಕೂತಿತ್ತು. ಹಾಕಿದಷ್ಟೂ ಟೇಪು ಸವೆಯುತ್ತದೆ ಎಂದು ಅವರೇ ಹೇಳಿದ್ದರಿಂದ, ಅವರು ಹೋದ ಮೇಲೆ ನಾನು ಅದನ್ನು ಒಮ್ಮೆಯೂ ಹಾಕಿರಲಿಲ್ಲ.

ಕಳೆದ ತಿಂಗಳು ಅದನ್ನು ಕಂಪ್ಯೂಟರಿಗೆ ಇಳಿಸಲು ಕೊಪ್ಪಳದ ಒಂದು ಅಂಗಡಿಗೆ ಒಯ್ದೆ. "ಇಟ್ಟು ಹೋಗ್ರಿ ಅಮ್ಮಾ, ನಾಳೆ ಬರ್ರಿ," ಎಂದರು ಅಂಗಡಿಯವರು.

"ಇಲ್ರೀ, ಕುಂದರ್ತೀನಿ."

ಟೇಪು ಹಾಕಿದಾಗ ಮೊದಲು ಪರದೆಯಲ್ಲಿ ಎರಡು ಗೆರೆ ನಡುಗಿದವು. ಆಮೇಲೆ ನೀರು, ಸಸಿ, ಹಸಿರು ಬಳೆ. ಜೊತೆಗೆ, ಪಕ್ಕದಲ್ಲೇ ನಿಂತಂತೆ ಅವರ ಮಾತು: "ಅಕ್ಕಾರ, ನನ್ನ ನೋಡಬ್ಯಾಡ್ರಿ, ನಿಮ್ಮ ಕೆಲಸ ಮಾಡ್ರಿ."

ಅಂಗಡಿಯವರು ಪರದೆಯ ಹತ್ತಿರಕ್ಕೆ ಬಾಗಿದರು. "ಇಷ್ಟು ಹಳೇದು, ಇಷ್ಟು ಛಲೋ ಉಳಿದೈತಿ. ಯಾರ್ರಿ ತೆಗೆದವರು?"

"ನಮ್ಮ ಮನಿಯವರು," ಎಂದೆ.