ಹರಿದ ಕಿವಿಯ ಅಕ್ಕ

ಎದುರುಮನೆ ಅಕ್ಕನ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ಓಲೆ ಹಾಕುವ ತೂತಿನಿಂದ ಕೆಳಕ್ಕೆ ಪೂರ್ತಿ ಹರಿದು, ವಾಸಿಯಾಗಿ, ಎರಡು ಹುಣಸೆಬೀಜದ ಹಾಗೆ ಬೇರೆ ಬೇರೆ ತೂಗುತ್ತಿತ್ತು. ಹೊಸಬರು ನೋಡಿದರೆ ಓಲೆ ಭಾರಕ್ಕೆ ಹರಿದಿರಬೇಕು ಅಂದುಕೊಳ್ಳುತ್ತಿದ್ದರು. ಅಕ್ಕ ಅವರನ್ನು ಹಾಗೆ ಅಂದುಕೊಳ್ಳೋಕೆ ಬಿಡುತ್ತಿರಲಿಲ್ಲ. "ಭಾರ ಎಲ್ಲಿಂದ ಬರ್ಬೇಕು? ನನ್ನ ಗಂಡ ಕಿತ್ತಿದ್ದು. ಕುಡಿಯೋ ಆತುರ, ತಿರುಪು ಬಿಚ್ಚೋಕೆ ಪುರುಸೊತ್ತಿರ್ಲಿಲ್ಲ ಅವನಿಗೆ," ಅನ್ನುತ್ತಿದ್ದಳು.

ಅದೇ ಗಂಡನ ಕೈ ಬಿದ್ದು ಬಿದ್ದು ಆ ಕಿವಿ ಮಂದವಾಯಿತು. ಅವನು ಸತ್ತ ಮೇಲೆ ಮಗನನ್ನು ಸಾಕಬೇಕಲ್ಲ, ಸುಂಕದಕಟ್ಟೆಯ ಒಂದು ಶೆಡ್ಡಿನಲ್ಲಿ ಪ್ರೆಸ್ ಮಿಷನ್ನಿಗೆ ತಗಡು ಕೊಡುವ ಕೆಲಸ ಹಿಡಿದಳು. ದಿನವಿಡೀ ಧಡ್ ಧಡ್ ಅನ್ನುವ ಆ ಮಿಷನ್ನು ಬಲಗಿವಿಯನ್ನೂ ತಿಂದಿತು. ನಮ್ಮ ಬೀದಿಗೆ ಬರುವ ಹೊತ್ತಿಗೆ ಅವಳ ಜೊತೆ ಮಾತಾಡಬೇಕಾದರೆ ಮುಖಕ್ಕೆ ಮುಖ ಕೊಟ್ಟು ಕೂಗಬೇಕಿತ್ತು. ಕುಕ್ಕರ್ ವಿಷಲ್ಲು ಕೇಳದೆ ಒಲೆ ಪಕ್ಕ ನಿಂತು, ಆವಿ ಎದ್ದಾಗೆಲ್ಲ ಒಂದೊಂದು ಬೆರಳು ಮಡಿಸುತ್ತಿದ್ದಳು. ಮಧ್ಯದಲ್ಲಿ ಯಾರಾದರೂ ಬಂದು ಮಾತಾಡಿಸಿದರೆ ಬೇಳೆ ಗಂಜಿಯಾಗುತ್ತಿತ್ತು, ಬಂದವರಿಗೆ ಬೈಗುಳ ಆಗುತ್ತಿತ್ತು.

ಅವರ ಮನೆ ಟಿವಿ ಬೀದಿಗೆಲ್ಲ ಕೇಳುತ್ತಿತ್ತು. ಕಿವುಡಿ ಇರುವ ಮನೆ ಅಂತ ಯಾರೂ ಜಗಳಕ್ಕೆ ಹೋಗಲಿಲ್ಲ. ಮಗ ಎದುರಿಗೆ ಸಿಕ್ಕಿದರೆ ಕೈಮುಗಿದು, "ಅಮ್ಮಂಗೆ ಕೇಳ್ಸಲ್ಲ ಆಂಟಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ," ಅನ್ನುತ್ತಿದ್ದ. ತಾಯಿಗೋಸ್ಕರ ಎಷ್ಟು ಮಾಡ್ತಾನೆ ಅಂತ ಬೀದಿ ಬೀದಿಯೇ ಅವನನ್ನು ಹೊಗಳಿತು.

ಅವನಿಗೆ ಮದುವೆಯಾಗಿ ವರ್ಷ ಕಳೆದಿತ್ತು. ಸೊಸೆ ಬಾಯಿಲ್ಲದ ಹುಡುಗಿ. ಬಿರುಬೇಸಿಗೆಯಲ್ಲೂ ತುಂಬುತೋಳಿನ ಚೂಡಿದಾರ ಹಾಕುತ್ತಿದ್ದಳು. ಒಂದು ದಿನ ಬಟ್ಟೆ ಒಣಹಾಕಲು ಕೈ ಎತ್ತಿದಾಗ ತೋಳು ಜಾರಿ, ಮೊಣಕೈ ಹತ್ತಿರ ನೇರಳೆಹಣ್ಣಿನ ಬಣ್ಣದ ಬಾಸುಂಡೆ ಅಕ್ಕನ ಕಣ್ಣಿಗೆ ಬಿತ್ತು. ಏನಿದು ಅಂತ ಕೇಳಿದರೆ, "ಬಾತ್‌ರೂಮಲ್ಲಿ ಬಿದ್ದೆ ಅತ್ತೆ," ಅಂದಳಂತೆ.

ಅಕ್ಕ ಸೀದಾ ನನ್ನ ಅಡಿಗೆಮನೆಗೆ ಬಂದಳು. "ನನಗೆ ಕಿವಿ ಬೇಕು ಕಣೇ," ಅಂದಳು. "ಆ ಹುಡುಗಿ ಹೇಳಿದ ಸುಳ್ಳನ್ನ ಗಂಡ ಬದುಕಿರೋವರೆಗೂ ನಾನೂ ಹೇಳಿದೀನಿ. ಗೋಡೆ ಆಚೆ ಅವಳನ್ನ ನನ್ನ ಮಗ ಏನೋ ಮಾಡ್ತಿದಾನೆ, ನನಗೆ ಕೇಳ್ತಿಲ್ಲ. ಒಂದಿನ ಸಾಯಿಸ್ತಾನೆ. ಆಗಲೂ ನಾನು ಇಲ್ಲೇ ಟಿವಿ ನೋಡ್ತಾ ಕೂತಿರ್ತೀನಿ."

ಕಿವಿ ಮಿಷನ್ನು ಅಂದ ಕೂಡಲೇ ಮಗ ಎಗರಿದ. "ಅದು ಕುಯ್ ಅನ್ನುತ್ತೆ. ತಲೆನೋವು ಬರುತ್ತೆ. ಇರೋ ಚೂರು ಕಿವೀನೂ ಹೋಗುತ್ತೆ. ಈ ವಯಸ್ಸಲ್ಲಿ ಏನ್ ಕೇಳ್ಬೇಕು ನಿಂಗೆ?" ಅವನು ಕೂಗಿದ್ದನ್ನೆಲ್ಲ ಕಟ್ಟಿಕೊಂಡು ಅಕ್ಕ ನನ್ನ ಜೊತೆ ಬಸ್ಸು ಹತ್ತಿದಳು. ವಿಜಯನಗರದಲ್ಲಿ ಕಿವಿ ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ಎಡಗಿವಿಯ ತಮಟೆಯಲ್ಲಿ ಹಳೇ ತೂತಿದೆ, ಈಗ ಒಣಗಿದೆ, ಮಿಷನ್ ಹಾಕಬಹುದು ಅಂದರು. ಆಮೇಲೆ ಒಂದು ಗೂಡಿನಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಶಬ್ದ ಕೇಳಿದರೆ ಬೆರಳೆತ್ತಬೇಕು. ಅಕ್ಕ ಬಹಳ ಹೊತ್ತು ಬೆರಳೆತ್ತದೆ ಕೂತಿದ್ದಳು.

ಮಿಷನ್ ಕೊಡುವ ಹುಡುಗಿ ಸಮಾಧಾನದವಳು, ಮುಖಕ್ಕೆ ಮುಖ ಕೊಟ್ಟು ಕೂಗಿ ಕೂಗಿ ಹೇಳಿದಳು.

"ನೋವಾಗುತ್ತಾ?"

"ಇಲ್ಲ ಅಜ್ಜಿ. ಮೊದಮೊದಲು ಏನೋ ತುರುಕಿದ ಹಾಗಿರುತ್ತೆ. ನೋವಾದ್ರೆ ಸುಮ್ನಿರ್ಬೇಡಿ, ವಾಪಸ್ ಬನ್ನಿ, ಸರಿ ಮಾಡ್ಕೊಡ್ತೀವಿ."

"ಇರೋ ಕಿವೀನೂ ಹೋಗುತ್ತಂತಲ್ಲ?"

"ನಿಮ್ಮ ಕಿವಿಗೆ ತಕ್ಕ ಹಾಗೆ ಸೆಟ್ ಮಾಡಿದ್ರೆ ಹೋಗಲ್ಲ. ಯಾರು ಹೇಳಿದ್ದು?"

"ನನ್ನ ಮಗ. ಹರಿದ ಕಿವೀಲಿ ನಿಲ್ಲುತ್ತೇನಮ್ಮ, ಇಲ್ಲ ಸಾರಿನ ಪಾತ್ರೆಗೆ ಬೀಳುತ್ತೋ?"

ಹುಡುಗಿ ನಕ್ಕಳು. "ಕಿವಿ ಮೇಲ್ಗಡೆ ಕೂರೋದು, ಹಾಲೆ ಮೇಲಲ್ಲ."

"ಒಂದು ಸಾಲಲ್ವಾ?"

"ಎರಡು ಕಣ್ಣಿಗೂ ಕನ್ನಡಕ ಹಾಕ್ತೀರಲ್ಲ ಅಜ್ಜಿ? ಎರಡರಲ್ಲೂ ಸ್ವಲ್ಪ ಸ್ವಲ್ಪ ಉಳಿದಿದೆ. ಎರಡಕ್ಕೂ ಹಾಕಿದ್ರೆ ಶಬ್ದ ಯಾವ ಕಡೆಯಿಂದ ಅಂತ ಗೊತ್ತಾಗೋದು ಸುಲಭ."

"ಪಕ್ಕದ ರೂಮಿಂದ ಬಂದ್ರೆ? ಬಾಗಿಲು ಹಾಕಿದ್ರೆ?"

ಹುಡುಗಿ ಪೆನ್ನು ಕೆಳಗಿಟ್ಟು ಅಕ್ಕನನ್ನೇ ನೋಡಿದಳು. "ಜೋರಾಗಿದ್ರೆ ಕೇಳುತ್ತೆ. ಆದ್ರೆ ಟಿವಿ ಓಡ್ತಿದ್ರೆ ಕಷ್ಟ ಅಜ್ಜಿ. ಮಿಷನ್ನು ಅದನ್ನೂ ದೊಡ್ದು ಮಾಡುತ್ತೆ. ಮೊದಲಿನ ಕಿವಿ ವಾಪಸ್ ಬರಲ್ಲ. ಇದು ಊರುಗೋಲು ಅಷ್ಟೇ."

"ಊರುಗೋಲೇ ಸಾಕು," ಅಂದಳು ಅಕ್ಕ.

ಎಣ್ಣೆ ನೀರು ಸೋಕಬಾರದು, ಸ್ನಾನಕ್ಕೂ ನಿದ್ದೆಗೂ ತೆಗೆದಿಡಬೇಕು ಅಂತ ಹೇಳಿ ಕಳಿಸಿದರು. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತ ಕೂಡಲೇ ಅಕ್ಕ ಎರಡು ಕೈಯಲ್ಲೂ ತಲೆ ಹಿಡಿದುಕೊಂಡಳು. "ಥೂ, ಈ ಊರು ಇಷ್ಟೊಂದು ಬೊಗಳುತ್ತೇನೇ?" ಮನೆಯಲ್ಲಿ ಒಗ್ಗರಣೆ ಸಿಡಿದರೆ ಬೆಚ್ಚಿಬೀಳುತ್ತಿದ್ದಳು. ತನ್ನ ಬಳೆ ಸದ್ದಿಗೆ ತಾನೇ ರೇಗುತ್ತಿದ್ದಳು. ಆದರೂ ತೆಗೆಯಲಿಲ್ಲ.

ಟಿವಿ ಮಾತ್ರ ಸಣ್ಣಗಾಗಲಿಲ್ಲ. ಅಮ್ಮನಿಗೆ ಕಿವಿ ಬಂದರೂ ಮಗ ಕೆಲಸದಿಂದ ಬಂದು ಮೊದಲು ಅದನ್ನೇ ಜೋರು ಮಾಡುತ್ತಿದ್ದ. "ತೆಗೆದಿಡಮ್ಮ, ತಲೆನೋವು ಬರುತ್ತೆ," ಅಂತ ದಿನಾ ಸಂಜೆ ಅವಳ ಕಿವಿಗೇ ಕೈ ಹಾಕುತ್ತಿದ್ದ. ಅಕ್ಕ ತೆಗೆದಿಡುತ್ತಿದ್ದಳು, ಅವನ ಮುಖ ನೋಡುತ್ತಿದ್ದಳು.

ಭಾನುವಾರ ಅವಳು ತಲೆಗೆ ಹರಳೆಣ್ಣೆ ಒತ್ತಿ ಸ್ನಾನ ಮಾಡುವ ದಿನ. ಎಣ್ಣೆ ಇದ್ದ ಕಡೆ ಮಿಷನ್ ಇರುವುದಿಲ್ಲ ಅಂತ ಮಗನಿಗೂ ಗೊತ್ತು. ಆ ಭಾನುವಾರ ಅಕ್ಕ ಎಣ್ಣೆ ಬಟ್ಟಲು ಹಿಡಿದು ಅವನ ಮುಂದೆಯೇ ಹಿಂದಿನ ಒಗೆಯುವ ಕಲ್ಲಿನ ಹತ್ತಿರ ಹೋದಳು. ಎಣ್ಣೆ ಮುಟ್ಟಲಿಲ್ಲ. ಎರಡು ಕಿವಿಗೂ ಮಿಷನ್ ಸಿಕ್ಕಿಸಿ, ಕೂದಲು ಬಿಚ್ಚಿ ಮೇಲೆ ಇಳಿಬಿಟ್ಟು, ಟಿವಿ ಜೋರಾಗುವುದನ್ನೇ ಕಾದಳು.

ನಾನು ನಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಎದುರುಮನೆ ಟಿವಿ ಅರಚುತ್ತಿತ್ತು. ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಅಕ್ಕ ಗೋಡೆಯಿಂದ ವೈರನ್ನೇ ಕಿತ್ತಿದ್ದಳು. ಆಗ ಬೀದಿಗೆಲ್ಲ ಕೇಳಿತು. ಮೈಗೆ ಬೆಲ್ಟು ಬೀಳುವ ಸದ್ದು. ಬಾಯಿಗೆ ಬಟ್ಟೆ ತುರುಕಿದವರ ಕೂಗು.

ನಾನು ಮೊರ ಎಸೆದು ಓಡಿದೆ. ಅಷ್ಟರಲ್ಲಿ ಅಕ್ಕ ಮುದ್ದೆ ಕೋಲು ಹಿಡಿದು ರೂಮಿನ ಬಾಗಿಲಿಗೆ ಒದ್ದಿದ್ದಳು, ಚಿಲಕ ಕಿತ್ತು ಬಂದಿತ್ತು. ಮಂಚಕ್ಕೂ ಬೀರುವಿಗೂ ನಡುವೆ ಸೊಸೆ ಬಿದ್ದಿದ್ದಳು, ಬಾಯಿ ತುಂಬ ಅವಳದೇ ದುಪಟ್ಟಾ. ಅವನ ಮೊಣಕಾಲು ಅವಳ ಎದೆ ಮೇಲೆ. ಬೆಲ್ಟನ್ನು ಮುಷ್ಟಿಗೆ ಸುತ್ತಿ ಬಕಲ್ ಹೊರಗೆ ಬಿಟ್ಟುಕೊಂಡಿದ್ದ. ಹುಡುಗಿಯ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿದಿತ್ತು.

ಅಕ್ಕ ಕೋಲೆತ್ತಿದಳು. ಮೊದಲನೇ ಏಟು ಭುಜಕ್ಕೆ. ಅವನು ಎದ್ದು ತಿರುಗಿದ. ಎರಡನೇದು ಬೆಲ್ಟು ಹಿಡಿದ ಮಣಿಕಟ್ಟಿಗೆ. ಮೂಳೆ ಲಟಕ್ ಅಂತು, ನಾನೇ ಕೇಳಿದೆ. ಅವನು ಇನ್ನೊಂದು ಕೈಯಿಂದ ಹೆತ್ತ ತಾಯಿಯ ಎಡಗಿವಿಗೆ ಬಾರಿಸಿದ. ಮಿಷನ್ನು ಹಾರಿ ಬಿತ್ತು, ಅವನ ಕಾಲ ಕೆಳಗೆ ಪುಡಿಯಾಯಿತು. ಅಕ್ಕನ ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯಿತು. ಆ ಕಿವಿಗೆ ಅಂಥ ಏಟು ಹೊಸದಲ್ಲ. ಅವಳು ಅಲುಗಲಿಲ್ಲ. ಮೂರನೇ ಏಟು ಮೊಣಕಾಲಿಗೆ ಕೊಟ್ಟಳು, ಅವನು ಬಿದ್ದ. ಬಿದ್ದ ಮೇಲೂ ಕೊಟ್ಟಳು. ನಾನು ತಡೆಯಲಿಲ್ಲ. ಸೊಸೆಯ ಬಾಯಿಂದ ಬಟ್ಟೆ ಎಳೆಯುವುದರಲ್ಲಿದ್ದೆ.

"ನಿಮ್ಮಪ್ಪನಿಗೆ ಕೊಡ್ಬೇಕಿತ್ತು ಇದನ್ನ," ಅಂದಳು ಅಕ್ಕ, ಏದುಸಿರು ಬಿಡುತ್ತಾ. "ಆಗ ನೀನು ಹೊಟ್ಟೇಲಿದ್ದೆ."

ಆಸ್ಪತ್ರೆಯಲ್ಲಿ ಅವನು ಬಾತ್‌ರೂಮಲ್ಲಿ ಜಾರಿ ಬಿದ್ದೆ ಅಂತ ಬರೆಸಿದ. ಅಕ್ಕ ಬಿದ್ದೂ ಬಿದ್ದೂ ನಕ್ಕಳು. "ನಮ್ಮನೆ ಬಾತ್‌ರೂಮು ಎಷ್ಟು ಜನರನ್ನ ಬೀಳಿಸುತ್ತೇ!"

ಸ್ಟೇಷನ್ನಿನಲ್ಲಿ ನಗು ಇರಲಿಲ್ಲ. ಸೊಸೆಗೆ ನಾಲಿಗೆಯೇ ಹೊರಳಲಿಲ್ಲ. ನಾನು ಕಂಡಿದ್ದು ಹೇಳಹೋದರೆ ಮನೆಯವರೇ ಹೇಳಲಿ ಅಂದರು, ಬೀದಿಯವರು ಯಾರೂ ಬರಲಿಲ್ಲ. ಅಕ್ಕನ ಸಾಕ್ಷಿಯೊಂದೇ ಗತಿ. ಮಗ ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಬಂದು, "ಸಾರ್, ನಮ್ಮಮ್ಮ ಕಿವುಡಿ. ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ. ಅವಳಿಗೇನು ಕೇಳ್ಸಿರುತ್ತೆ?" ಅಂದ. ದೂರು ಬರೆಯುವಾತ ಪಕ್ಕದವನ ಕಡೆ ಬಾಗಿ, "ಮುದುಕಿ ಸೊಸೆ ಹೇಳ್ಕೊಟ್ಟಿದ್ದನ್ನ ಒಪ್ಪಿಸ್ತಿದೆ," ಅಂತ ಮೆಲ್ಲಗೆ ಅಂದ.

ಅಕ್ಕನ ಬಲಗಿವಿಯ ಮಿಷನ್ನು ಉಳಿದಿತ್ತು. ಮೇಜಿಗೆ ಕೈಯೂರಿ ಎದ್ದು ನಿಂತಳು.

"ಅವಳು ಏನೂ ಹೇಳ್ಕೊಟ್ಟಿಲ್ಲಪ್ಪ. ಅವಳ ಬಾಯಲ್ಲಿ ಬಟ್ಟೆ ಇತ್ತು. ನನಗೆ ಕೇಳಿದ್ದು ಬೆಲ್ಟಿನ ಸದ್ದು. ಅದು ನನಗೆ ಚೆನ್ನಾಗಿ ಗೊತ್ತಿರೋ ಸದ್ದು. ಬರ್ಕೋ."

ಆತ ತಲೆ ತಗ್ಗಿಸಿ ಬರೆದುಕೊಂಡ.

ಮಗ ಒಳಗೆ ಹೋದ, ಹೊರಗೆ ಬಂದ, ಕೆಂಗೇರಿ ಕಡೆ ಎಲ್ಲೋ ಮನೆ ಮಾಡಿದ. ಅತ್ತೆ ಸೊಸೆ ಇಬ್ಬರೇ ನಮ್ಮೆದುರು ಉಳಿದರು. ಸೊಸೆ ಕೆಲಸಕ್ಕೆ ಸೇರಿ ಅಕ್ಕನ ಎಡಗಿವಿಗೆ ಹೊಸ ಮಿಷನ್ ಹಾಕಿಸಿದಳು. ಆಮೇಲೆ ನನ್ನ ಕಿವಿಯೂ ಮಂದವಾಯಿತು. ನಾನು ಮೀನಮೇಷ ಎಣಿಸುತ್ತಿದ್ದಾಗ ಅಕ್ಕನೇ ರಟ್ಟೆ ಹಿಡಿದು ವಿಜಯನಗರಕ್ಕೆ ಎಳೆದುಕೊಂಡು ಹೋದಳು. ನೋವಾಗುತ್ತಾ ಅಂತ ನಾನೂ ಕೇಳಿದೆ. "ಮಿಷನ್ ನೋವು ಮಾಡಲ್ಲ ಕಣೇ," ಅಂದಳು. "ಕೇಳ್ಸಿದ್ದು ನೋವು ಮಾಡುತ್ತೆ. ಹಾಕ್ಸ್ಕೊ ಸುಮ್ನೆ." ಈ ಕಿವಿ ಅವಳು ಕೊಡಿಸಿದ್ದು ಅಂತಲೇ ನನ್ನ ಲೆಕ್ಕ.

ಹೋದ ಚಳಿಗಾಲ ಅಕ್ಕನ ಎದೆಯಲ್ಲಿ ನೀರು ತುಂಬಿತು. ವಾರ್ಡಿನಲ್ಲಿ ಮಂಚದ ಒಂದು ಕಡೆ ಸೊಸೆ, ಇನ್ನೊಂದು ಕಡೆ ನಾನು. ಮಗ ಬಂದ. ಮಣಿಕಟ್ಟು ಇನ್ನೂ ಸೊಟ್ಟಗೇ ಇತ್ತು. ಕಾಲ ಹತ್ತಿರ ನಿಂತು, "ಅಮ್ಮಾ, ನಾನು..." ಅಂತ ಶುರು ಮಾಡಿದ.

ಅಕ್ಕ ಅವನನ್ನು ಒಂದು ಸಲ ನೋಡಿದಳು. ಕೈಯೆತ್ತಿ ಬಲಗಿವಿಯ ಮಿಷನ್ ತೆಗೆದಳು, ಎಡಗಿವಿಯದನ್ನೂ ತೆಗೆದಳು. ಎರಡನ್ನೂ ಸೊಸೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಅವನು ತುಂಬ ಹೊತ್ತು ಮಾತಾಡಿದ, ಅತ್ತ, ಮಂಚದ ಕಂಬಿಗೆ ಹಣೆ ಚಚ್ಚಿಕೊಂಡ. ಅಕ್ಕ ಆ ಕಡೆ ತಿರುಗಲಿಲ್ಲ. ಸೊಸೆಯ ಮುಖ ನೋಡಿ, "ಊಟ ಮಾಡ್ದೇನೇ?" ಅಂತ ಕೇಳಿದಳು. ಹುಡುಗಿ ತಲೆಯಾಡಿಸಿದಳು.

ಮಾರನೇ ದಿನ ಬೆಳಿಗ್ಗೆ ಅಕ್ಕ ತೀರಿಹೋದಳು. ಮಿಷನ್ನು ಸೊಸೆಯ ಕೈಯಲ್ಲೇ ಇತ್ತು.